ಮಂಡ್ಯ, ಮೈಸೂರಿನಿಂದ ಕಾರಲ್ಲಿ ಬೇಲಂ ಗುಹೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಮಂಡ್ಯದಲ್ಲಿ. ಆಂಧ್ರದಲ್ಲಿರುವ ಬೇಲಂ ಎಂಬ ಸುಣ್ಣದ ಕಲ್ಲಿನ ಗುಹೆಗೆ ಎರಡು ಸಲ ಹೋಗಿ ಬಂದಿದ್ದೇನೆ. ಮೊದಲ ಸಲ ಹಟಕ್ಕೆ ಬಿದ್ದು ಒಂದೇ ದಿನದಲ್ಲಿ. ಎರಡನೇ ಸಲ ಬುದ್ಧಿ ಬಂದ ಮೇಲೆ. ಆವತ್ತಿನಿಂದ ನೆಂಟರು, ಆಫೀಸಿನವರು, ಮಗಳ ಗೆಳತಿಯರ ಅಪ್ಪ-ಅಮ್ಮಂದಿರು ಕೇಳುತ್ತಲೇ ಇದ್ದಾರೆ. ಪ್ರತಿಯೊಬ್ಬರಿಗೂ ಫೋನಲ್ಲಿ ಹೇಳಿ ಸಾಕಾಗಿ ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಅಷ್ಟು ದೂರ ಯಾಕೆ? ಮೈಸೂರು ಹತ್ತಿರ ಸುಣ್ಣದ ಕಲ್ಲಿನ ಗುಹೆ ಯಾವುದೂ ಇಲ್ವಾ?

ಇಲ್ಲ. ನಮ್ಮ ಕಾಲ ಕೆಳಗಿನ ಕಲ್ಲೇ ಬೇರೆ. ಚಾಮುಂಡಿ ಬೆಟ್ಟ ಗ್ರಾನೈಟ್. ಮಂಡ್ಯ ಸುತ್ತಮುತ್ತ ಇರುವುದು ಬಹುಪಾಲು ನೈಸ್ ಎಂಬ ಶಿಲೆ (ಬೆಂಗಳೂರಿನ ನೈಸ್ ರಸ್ತೆಗೂ ಇದಕ್ಕೂ ಸಂಬಂಧ ಇಲ್ಲ). ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಈ ಕಲ್ಲು ಮಳೆನೀರಿಗೆ ಕರಗುವುದಿಲ್ಲ. ಸೀಳುತ್ತದೆ, ಉರುಳುತ್ತದೆ ಅಷ್ಟೇ. ಪಾಂಡವಪುರದ ಕುಂತಿ ಬೆಟ್ಟದಲ್ಲಿ ಗುಹೆ ಅಂತ ನಾವು ತೋರಿಸುವುದು ದೊಡ್ಡ ದೊಡ್ಡ ಬಂಡೆಗಳ ನಡುವೆ ಉಳಿದ ಸಂದುಗಳನ್ನು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿರುವ ಭದ್ರಬಾಹು ಗುಹೆಯೂ ಗ್ರಾನೈಟ್ ಬಂಡೆಯದ್ದೇ. ಅವು ಚೆನ್ನಾಗಿಯೇ ಇವೆ. ಆದರೆ ಸುಣ್ಣದ ಕಲ್ಲಿನ ಗುಹೆಯ ಒಳಗೆ ಕಾಣುವುದು ಅಲ್ಲಿ ಕಾಣಲ್ಲ.

ಹಾಗಂತ ಕರ್ನಾಟಕದಲ್ಲಿ ಸುಣ್ಣದ ಕಲ್ಲೇ ಇಲ್ಲ ಅಂತಲ್ಲ. ಕಲಬುರಗಿ ಕಡೆಯ ಶಹಾಬಾದ್ ಕಲ್ಲು ಅದೇ ಜಾತಿ. ದಾಂಡೇಲಿ ಕಾಡಿನ ಕವಳ ಗುಹೆ ಇದೆ. ಉತ್ತರ ಕನ್ನಡದ ಯಾಣ ಇದೆ. ಅಲ್ಲಿನ ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಆದರೆ ಅವೆಲ್ಲ ನಮಗೆ ಬೇಲಂನಷ್ಟೇ, ಇಲ್ಲವೇ ಅದಕ್ಕಿಂತ ಹೆಚ್ಚು ದೂರ. ಯಾಣದಲ್ಲಿ ನೋಡುವುದು ಶಿಖರವನ್ನು. ನೆಲದ ಕೆಳಗೆ ಇಳಿದು ಕಿಲೋಮೀಟರುಗಟ್ಟಲೆ ನಡೆಯಬೇಕು ಅಂದ್ರೆ ಬೇಲಂ.

ಸುಣ್ಣದ ಕಲ್ಲಲ್ಲೇ ಇಂಥ ಗುಹೆ ಯಾಕೆ ಆಗುತ್ತದೆ?

ಇದನ್ನು ನಿಮ್ಮ ಬಚ್ಚಲುಮನೆಯಿಂದಲೇ ಶುರು ಮಾಡೋಣ. ನಮ್ಮ ಕಡೆ ಬೋರ್‌ವೆಲ್ ನೀರು ಗಡುಸು. ಗೀಸರ್ ಬಿಚ್ಚಿದರೆ ಕಾಯಿಲ್ ಮೇಲೆ ಬಿಳಿ ಪದರ ಗಟ್ಟಿಯಾಗಿ ಕೂತಿರುತ್ತದೆ. ಮೆಕ್ಯಾನಿಕ್ ಅದನ್ನು ಕೆರೆದು ಬಿಲ್ ಕೊಡುತ್ತಾನೆ. ಆ ಬಿಳಿ ಪದರದಲ್ಲಿ ಮುಖ್ಯವಾಗಿ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣದ ಕಲ್ಲು ಅಂದರೂ ಅದೇ.

ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ನಮ್ಮ ನಾಲಿಗೆಗೆ ಗೊತ್ತಾಗದಷ್ಟು. ಆ ಹುಳಿ ನೀರು ಸುಣ್ಣದ ಕಲ್ಲಿನ ಬಿರುಕಿಗೆ ಇಳಿದರೆ ಕಲ್ಲನ್ನು ಕರಗಿಸಿಕೊಂಡು ಹೋಗುತ್ತದೆ. ಲಕ್ಷಾಂತರ ವರ್ಷ ಹೀಗೇ ನಡೆದರೆ ಕೂದಲೆಳೆಯಷ್ಟಿದ್ದ ಬಿರುಕು ಮನುಷ್ಯ ನಡೆದಾಡುವ ಓಣಿಯಾಗುತ್ತದೆ. ಆಮೇಲೆ ಕೆಲಸ ತಿರುಗುಮುರುಗು. ಕಲ್ಲು ಕರಗಿಸಿಕೊಂಡ ನೀರು ಗುಹೆಯ ಚಾವಣಿಯಿಂದ ತೊಟ್ಟಿಕ್ಕುವಾಗ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹಾರಿ ಹೋಗುತ್ತದೆ. ಹುಳಿ ಹೋದ ಮೇಲೆ ನೀರಿಗೆ ಸುಣ್ಣ ಹಿಡಿದಿಟ್ಟುಕೊಳ್ಳಲು ಆಗಲ್ಲ. ತೊಟ್ಟು ಬೀಳುವ ಜಾಗದಲ್ಲಿ ಅದನ್ನು ಬಿಟ್ಟು ಹೋಗುತ್ತದೆ. ಮೇಲಿಂದ ಇಳಿಬೀಳುವ ಕಲ್ಲು, ಕೆಳಗಿಂದ ಮೇಲೇಳುವ ಕಲ್ಲು ಎರಡೂ ಆಗುವುದು ಹೀಗೆ. ಬೆಳೆಯುವ ವೇಗ ಸಾಮಾನ್ಯವಾಗಿ ವರ್ಷಕ್ಕೆ ಮಿಲಿಮೀಟರಿನ ಹತ್ತನೇ ಒಂದು ಭಾಗ, ಇಲ್ಲವೇ ಅದಕ್ಕೂ ಕಡಿಮೆ. ನಿಮ್ಮ ಗೀಸರಿನಲ್ಲಿ ಬಿಸಿ ಇರುವುದರಿಂದ ಇದೇ ಕೆಲಸ ಬೇಗ ಆಗುತ್ತದೆ. ಅಷ್ಟೇ ವ್ಯತ್ಯಾಸ.

ಬೇಲಂ ಇರುವುದು ಎಲ್ಲಿ?

ಆಂಧ್ರಪ್ರದೇಶದಲ್ಲಿ, ಕೊಲಿಮಿಗುಂಡ್ಲ ಹತ್ತಿರ. ಹಳೆಯ ಬರಹಗಳಲ್ಲಿ ಕರ್ನೂಲು ಜಿಲ್ಲೆ ಅಂತ ಇರುತ್ತದೆ. 2022ರಲ್ಲಿ ಹೊಸ ಜಿಲ್ಲೆಗಳಾದ ಮೇಲೆ ಅದು ನಂದ್ಯಾಲ ಜಿಲ್ಲೆ. ಹತ್ತಿರದ ದೊಡ್ಡ ಊರು ತಾಡಿಪತ್ರಿ, ಅಲ್ಲಿಂದ ಸುಮಾರು 30 ಕಿ.ಮೀ. ಈ ಸೀಮೆಯ ಕಲ್ಲು ನಮಗೆ ಹೊಸದಲ್ಲ. ನಮ್ಮ ಅಡುಗೆಮನೆ ಕಟ್ಟೆಗೆ, ಸಾಮಾನಿಡುವ ಹಲಗೆಗೆ ಹಾಕುವ ಕಪ್ಪು ಕಡಪ ಕಲ್ಲು ಬರುವುದು ಈ ಭಾಗದಿಂದಲೇ. ಅದೂ ಸುಣ್ಣದ ಕಲ್ಲೇ. ತಾಡಿಪತ್ರಿ ದಾಟುತ್ತಿದ್ದಂತೆ ರಸ್ತೆ ಪಕ್ಕ ಚಪ್ಪಡಿಗಳ ರಾಶಿ, ಪಾಲಿಶ್ ಘಟಕಗಳು, ದೂರದಲ್ಲಿ ಸಿಮೆಂಟ್ ಕಾರ್ಖಾನೆಗಳ ಚಿಮಣಿ ಕಾಣುತ್ತವೆ. ಸರಿಯಾದ ದಾರಿಯಲ್ಲೇ ಇದ್ದೀರಿ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆ ಗುರುತು ಬೇಡ.

ಒಂದೇ ದಿನದಲ್ಲಿ ಹೋಗಿ ಬರಲು ಆಗುತ್ತಾ?

ಎಲ್ಲರ ಮೊದಲ ಪ್ರಶ್ನೆ ಇದೇ. ಆಗುತ್ತದೆ. ಆದರೆ ಮಂಡ್ಯದಿಂದ ಹೊರಟು ಅಲ್ಲ.

ಲೆಕ್ಕ ನೋಡಿ. ಮೈಸೂರಿನಿಂದ ಒಂದು ಕಡೆಗೆ ಹೆಚ್ಚುಕಡಿಮೆ 430 ಕಿ.ಮೀ. ಮಂಡ್ಯದವರಿಗೆ 45 ಕಡಿಮೆ. ನಿಲ್ಲಿಸುವುದೆಲ್ಲ ಸೇರಿ ಎಂಟು ಗಂಟೆ ಬೇಕು. ಹೋಗಿ ಬರಲು ಹದಿನಾರು. ನಾನು, ನಮ್ಮ ಭಾವ ಇಬ್ಬರೂ ಓಡಿಸುವವರು ಇದ್ದೇವಲ್ಲ ಅಂತ ರಾತ್ರಿ ಒಂದೂವರೆಗೆ ಹೊರಟೆವು. ಹತ್ತು ಗಂಟೆಗೆ ಮುಂಚೆ ಗುಹೆ ಬಾಗಿಲಲ್ಲಿದ್ದೆವು. ಅಲ್ಲಿವರೆಗೆ ಎಲ್ಲ ಚೆನ್ನಾಗಿತ್ತು. ವಾಪಸ್ ಬರುವಾಗ ಸಂಜೆ, ಪೆನುಕೊಂಡ ಹತ್ತಿರ, ಭಾವನ ಕೈಯಲ್ಲಿದ್ದ ಕಾರು ನಿಧಾನವಾಗಿ ಪಕ್ಕದ ಲೇನಿಗೆ ಜಾರಿತು. ಹಿಂದೆ ಬಂದ ಲಾರಿಯವನು ಹಾರ್ನ್ ಹೊಡೆಯದೇ ಇದ್ದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. ಅವರು ಕಣ್ಣು ಮುಚ್ಚಿದ್ದು ಎರಡೇ ಸೆಕೆಂಡ್. ನಾನು ಪಕ್ಕದಲ್ಲೇ ಕೂತಿದ್ದೆ. ನಾನೂ ನಿದ್ದೆಯಲ್ಲಿದ್ದೆ.

ಹಾಗಾಗಿ ನನ್ನ ಸಲಹೆ ಒಂದೇ. ಹಿಂದಿನ ದಿನ ಸಂಜೆ ಬೆಂಗಳೂರಿಗೆ ಹೋಗಿ. ಯಲಹಂಕ, ದೇವನಹಳ್ಳಿ ಕಡೆ ನೆಂಟರಿದ್ದರೆ ಅವರ ಮನೆ, ಇಲ್ಲದಿದ್ದರೆ ಯಾವುದಾದರೂ ಲಾಡ್ಜ್. ಊಟ ಮಾಡಿ ಒಂಬತ್ತಕ್ಕೆ ಮಲಗಿ. ಬೆಳಿಗ್ಗೆ ಐದಕ್ಕೆ ಹೊರಟರೆ ಮುಂದೆ ಇರುವುದು 270ರಿಂದ 290 ಕಿ.ಮೀ. ಹತ್ತು, ಹತ್ತೂವರೆಗೆ ಅಲ್ಲಿರುತ್ತೀರಿ. ಎರಡು ಗಂಟೆಗೆ ಹೊರಟರೆ ರಾತ್ರಿ ಎಂಟರೊಳಗೆ ಯಲಹಂಕ. ಇದು ಒಂದು ದಿನದ ಪ್ರವಾಸ. ಅವತ್ತೇ ಮಂಡ್ಯಕ್ಕೆ ಬಂದುಬಿಡೋಣ ಅನ್ನಿಸುತ್ತದೆ. ಬೇಡ. ಇನ್ನೊಂದು ರಾತ್ರಿ ನೆಂಟರಿಗೆ ತೊಂದರೆ ಕೊಡಿ, ಅವರು ಬೇಜಾರು ಮಾಡಿಕೊಳ್ಳಲ್ಲ.

ದಾರಿ ಹೇಗೆ?

ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಬೆಂಗಳೂರು ಕಡೆ ಬಂದು, ಊರೊಳಗೆ ಹೋಗದೆ ನೈಸ್ ರಸ್ತೆ ಹಿಡಿದು ತುಮಕೂರು ರಸ್ತೆಗೆ ಬನ್ನಿ. ಅಲ್ಲಿಂದ ಎರಡು ದಾರಿ. ಯಲಹಂಕದಲ್ಲಿ ಉಳಿಯುವವರು ಆ ಕಡೆ ತಿರುಗಿಕೊಳ್ಳಿ. ದೇವನಹಳ್ಳಿಯಲ್ಲಿ ಉಳಿಯುವವರು ದಾಬಸ್‌ಪೇಟೆವರೆಗೆ ಹೋಗಿ ದೊಡ್ಡಬಳ್ಳಾಪುರದ ಮೇಲೆ ಹೋಗುವ ಹೊಸ ವರ್ತುಲ ರಸ್ತೆ ಹಿಡಿಯಿರಿ. ನಕ್ಷೆಯಲ್ಲಿ ಸುತ್ತು ಅನ್ನಿಸುತ್ತದೆ. ಸಂಜೆ ಹೆಬ್ಬಾಳದ ಸಿಗ್ನಲ್‌ನಲ್ಲಿ ನಿಂತವರಿಗೆ ಅದು ಸುತ್ತಲ್ಲ ಅಂತ ಗೊತ್ತು.

ದೇವನಹಳ್ಳಿಯಿಂದ ಮುಂದೆ ರಾಷ್ಟ್ರೀಯ ಹೆದ್ದಾರಿ 44. ಶ್ರೀನಗರದಿಂದ ಕನ್ಯಾಕುಮಾರಿವರೆಗಿನ ರಸ್ತೆ ಇದೇ. ಚಿಕ್ಕಬಳ್ಳಾಪುರ, ಬಾಗೇಪಲ್ಲಿ, ಕೊಡಿಕೊಂಡ ಚೆಕ್‌ಪೋಸ್ಟ್, ಪೆನುಕೊಂಡ, ಅನಂತಪುರ. ಪೆನುಕೊಂಡದ ಹತ್ತಿರ ಕಿಯಾ ಕಾರ್ಖಾನೆ ಕಾಣುತ್ತದೆ, ಮಕ್ಕಳು ಅದನ್ನು ನೋಡಿ ಎದ್ದು ಕೂರುತ್ತಾರೆ. ಅನಂತಪುರದಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ತಾಡಿಪತ್ರಿ ರಸ್ತೆ. ಅಲ್ಲಿಂದ ವೇಗ ಕಡಿಮೆ ಮಾಡಿ. ಚಪ್ಪಡಿ ತುಂಬಿದ ಲಾರಿಗಳು ಜಾಸ್ತಿ.

ನಮ್ಮ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ, ಕ್ಯಾಮೆರಾ ಇವೆ. ರಾತ್ರಿ ಖಾಲಿ ಇದೆ ಅಂತ ಒತ್ತಿದರೆ ನೋಟಿಸ್ ಮನೆಗೆ ಬರುತ್ತದೆ.

ಬೈಕಲ್ಲಿ ಹೋಗಬಹುದಾ?

2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್‌ಗೆ ಪ್ರವೇಶ ಇಲ್ಲ. ಸರ್ವಿಸ್ ರಸ್ತೆಯಲ್ಲಿ ಹೋಗಬೇಕು. ಹುಡುಗರು ಹೋಗುತ್ತಾರೆ. ನನ್ನ ಬೆನ್ನಿಗೆ ಆಗಲ್ಲ.

ಪೆಟ್ರೋಲ್ ಎಷ್ಟು ಬೇಕು? ಟೋಲ್?

ಮೈಸೂರಿನಿಂದ ಹೋಗಿ ಬರಲು 860 ಕಿ.ಮೀ. ಕಾರು ಲೀಟರಿಗೆ 15 ಕೊಟ್ಟರೆ ಸುಮಾರು 57 ಲೀಟರ್. ಆಂಧ್ರದಲ್ಲಿ ಪೆಟ್ರೋಲ್ ನಮಗಿಂತ ದುಬಾರಿ. ಬಾಗೇಪಲ್ಲಿ ದಾಟುವ ಮೊದಲು ಟ್ಯಾಂಕ್ ತುಂಬಿಸಿ. ಅಲ್ಲಿಂದ ಬೇಲಂಗೆ ಹೋಗಿ ಬಾಗೇಪಲ್ಲಿಗೆ ವಾಪಸ್ ಬರುವಷ್ಟು ಸಾಮಾನ್ಯ ಕಾರಿನ ಟ್ಯಾಂಕಿನಲ್ಲಿ ಆಗುತ್ತದೆ. ಟೋಲ್‌ಗಳು ಒಂದರ ಹಿಂದೆ ಒಂದು ಬರುತ್ತವೆ, ಹಿಂದಿನ ದಿನವೇ ಫಾಸ್ಟ್‌ಟ್ಯಾಗ್‌ಗೆ ದುಡ್ಡು ಹಾಕಿಡಿ. ಸ್ಟೆಪ್ನಿಯಲ್ಲಿ ಗಾಳಿ ಇದೆಯಾ ನೋಡಿ. ನಾನು ನೋಡಿರಲಿಲ್ಲ. ತಾಡಿಪತ್ರಿ ರಸ್ತೆಯಲ್ಲಿ ಪಂಕ್ಚರ್ ಆದಾಗ ಸ್ಟೆಪ್ನಿ ಟೈರ್ ಚಪ್ಪಟೆಯಾಗಿ ಮಲಗಿತ್ತು.

ಬಾಡಿಗೆ ಕಾರು ತಗೊಂಡು ಹೋದರೆ?

ಹಳದಿ ಬೋರ್ಡ್ ಗಾಡಿಯಾದರೆ ಆಂಧ್ರದ ಪರ್ಮಿಟ್, ತೆರಿಗೆ ಯಾರು ಕಟ್ಟುತ್ತಾರೆ ಅನ್ನುವುದನ್ನು ಮೊದಲೇ ಮಾತಾಡಿ. ಚೆಕ್‌ಪೋಸ್ಟಿನಲ್ಲಿ ಮಾತಾಡಿದರೆ ಅರ್ಧ ಗಂಟೆ ಹೋಗುತ್ತದೆ. ಒಬ್ಬರೇ ಡ್ರೈವರ್ ಆದರೆ ಅವರಿಗೂ ರಾತ್ರಿ ನಿದ್ದೆ ಬೇಕು. ಅವರನ್ನು ಕಾರಲ್ಲೇ ಮಲಗಿಸಿ ನೀವು ರೂಮಿಗೆ ಹೋಗಬೇಡಿ.

ಗುಹೆ ಎಷ್ಟು ಗಂಟೆಗೆ ತೆಗೆಯುತ್ತಾರೆ?

ಬೆಳಿಗ್ಗೆ 10ಕ್ಕೆ. ಸಂಜೆ 5ರ ಹೊತ್ತಿಗೆ ಮುಗಿಯುತ್ತದೆ. ಟಿಕೆಟ್ ಬಾಗಿಲಲ್ಲೇ ಕೊಡುತ್ತಾರೆ, ಬೆಲೆ ಹೊರೆಯಲ್ಲ. ನಡೆಸುವುದು ಆಂಧ್ರ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ. ಭಾನುವಾರ ಮಧ್ಯಾಹ್ನ ಜನ ತುಂಬಿರುತ್ತಾರೆ. ತೆಗೆದ ತಕ್ಷಣ ಒಳಗೆ ಹೋದರೆ ಅರ್ಧ ಗುಹೆ ನಿಮ್ಮದೇ.

ಒಳಗೆ ಏನಿದೆ?

ಹೊರಗೆ ನಿಂತರೆ ಏನೂ ಇಲ್ಲ. ಒಂದು ದೊಡ್ಡ ಬಿಳಿ ಬುದ್ಧನ ವಿಗ್ರಹ, ಸುತ್ತ ಬಯಲು. ಬೆಟ್ಟ ಎಲ್ಲಿ ಅಂತ ನಮ್ಮ ಅತ್ತಿಗೆ ಹುಡುಕುತ್ತಿದ್ದರು. ಗುಹೆ ಅಂದ್ರೆ ಬೆಟ್ಟದ ಹೊಟ್ಟೆಯಲ್ಲಿ ಇರಬೇಕು ಅಂತ ನಮ್ಮ ಕಡೆಯವರ ಲೆಕ್ಕ. ಇಲ್ಲಿ ಚಪ್ಪಟೆ ನೆಲದಲ್ಲಿ ಬಾವಿಯಂಥ ಗುಂಡಿಗಳಿವೆ. ಒಂದರೊಳಗೆ ಮೆಟ್ಟಿಲು ಇಳಿದರೆ ಅದೇ ಬಾಗಿಲು. ಬಿಲ ಅನ್ನುವ ಮಾತಿನಿಂದಲೇ ಬೇಲಂ ಬಂತು ಅನ್ನುತ್ತಾರೆ. ನೋಡಿದರೆ ಸರಿ ಅನ್ನಿಸುತ್ತದೆ.

ಗುಹೆಯ ಉದ್ದ 3,229 ಮೀಟರ್. ಅದರಲ್ಲಿ ನಮಗೆ ಬಿಡುವುದು ಸುಮಾರು ಒಂದೂವರೆ ಕಿ.ಮೀ. ಭಾರತ ಉಪಖಂಡದಲ್ಲೇ ಎರಡನೆಯದು ಅಂತ ಎಲ್ಲ ಕಡೆ ಬರೆದಿರುತ್ತದೆ. ಮೇಘಾಲಯದಲ್ಲಿ 30 ಕಿ.ಮೀ. ಮೀರಿದ ಗುಹೆಯೇ ಇದೆ, ಹಾಗಾಗಿ ಬಯಲು ಸೀಮೆಯ ಗುಹೆಗಳಲ್ಲಿ ಅತಿ ಉದ್ದದ್ದು ಅಂದರೆ ಸರಿಯಾದೀತು. 1884ರಲ್ಲಿ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ ಇದರ ಬಗ್ಗೆ ಬರೆದರು. ಆಮೇಲೆ ನೂರು ವರ್ಷ ಯಾರೂ ಕೇಳಲಿಲ್ಲ. 1982ರಲ್ಲಿ ಡೇನಿಯಲ್ ಗೆಬಾವರ್ ಅವರ ಜರ್ಮನ್ ತಂಡ ಬಂದು ಒಳಗೆ ಹುಡುಕಾಡಿತು. ಅಷ್ಟು ದಿನ ಸುತ್ತಲಿನವರು ಕಸ ಸುರಿಯುತ್ತಿದ್ದ ಜಾಗ ಇದು. ಜನರಿಗೆ ತೆರೆದದ್ದು 2002ರಲ್ಲಿ. ಬೌದ್ಧ ಭಿಕ್ಷುಗಳು ಇಲ್ಲಿ ಇದ್ದರು ಅನ್ನುವುದಕ್ಕೆ ವಸ್ತುಗಳು ಸಿಕ್ಕಿವೆ, ಹೊರಗೆ ಬುದ್ಧ ಕೂತಿರುವುದು ಅದಕ್ಕೇ.

ನೋಡುವ ಜಾಗಗಳಿಗೆಲ್ಲ ಹೆಸರಿಟ್ಟಿದ್ದಾರೆ. ಸಿಂಹದ್ವಾರ, ಕೋಟಿಲಿಂಗ, ಧ್ಯಾನಮಂದಿರ, ಸಾವಿರ ಹೆಡೆ. ಆಲದ ಬಿಳಲಿನಂತೆ ಕಲ್ಲು ಇಳಿಬಿದ್ದ ಜಾಗ ಒಂದಿದೆ. ಸಪ್ತಸ್ವರ ಗುಹೆಯಲ್ಲಿ ಕಲ್ಲನ್ನು ತಟ್ಟಿದರೆ ಲೋಹದಂತೆ ದನಿ ಬರುತ್ತದೆ. ಕೊನೆಗೆ ಪಾತಾಳಗಂಗೆ, ನೆಲಮಟ್ಟದಿಂದ 46 ಮೀಟರ್ ಕೆಳಗೆ. ನೀರು ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಮಾಯವಾಗುತ್ತದೆ.

ನನಗೆ ಹಿಡಿಸಿದ್ದು ಹೆಸರಿಟ್ಟ ಜಾಗಗಳಲ್ಲ, ನಡುವಿನ ಓಣಿಗಳು. ಗೋಡೆಗಳನ್ನು ನೋಡಿ. ನೀರು ಯಾವ ಎತ್ತರದಲ್ಲಿ ಎಷ್ಟು ಕಾಲ ಹರಿಯಿತು ಅನ್ನುವುದು ಗೆರೆ ಗೆರೆಯಾಗಿ ಕೂತಿದೆ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ನಿಲ್ಲಿಸಿದಾಗ ಗೋಡೆ ಮೇಲೆ ಗೆರೆ ಕಾಣುತ್ತದಲ್ಲ, ಹಾಗೆ. ಗೈಡ್ ಲಿಂಗ, ಹಾವು, ಸಿಂಹ ತೋರಿಸುತ್ತಾ ಮುಂದೆ ಓಡುತ್ತಾರೆ. ನೀವು ಸ್ವಲ್ಪ ಹಿಂದೆ ಉಳಿಯಿರಿ.

ಒಳಗೆ ಎಸಿ ಹಾಕಿದಂಗೆ ತಣ್ಣಗಿರುತ್ತಾ?

ತಪ್ಪು ತಿಳಿವಳಿಕೆ. ಬೆವರು ಸುರಿಯುತ್ತದೆ. ಗಾಳಿಯಾಡುವುದು ಕಡಿಮೆ, ತೇವ ಜಾಸ್ತಿ. ಅಲ್ಲಲ್ಲಿ ಕೊಳವೆಯಿಂದ ಗಾಳಿ ಬಿಡುತ್ತಾರೆ, ಎಲ್ಲರೂ ಅದರ ಕೆಳಗೇ ನಿಲ್ಲುತ್ತಾರೆ. ತೆಳ್ಳನೆ ಹತ್ತಿ ಬಟ್ಟೆ ಹಾಕಿ. ಜೀನ್ಸ್ ಬೇಡ. ತಲಾ ಒಂದು ಬಾಟಲಿ ನೀರು ಇರಲಿ. ಇನ್ನೊಂದು ಜೊತೆ ಬಟ್ಟೆ ಕಾರಲ್ಲಿಟ್ಟರೆ ವಾಪಸ್ ಬರುವ ಆರು ಗಂಟೆ ನೆಮ್ಮದಿ.

ಅಮ್ಮನಿಗೆ 70 ವರ್ಷ. ಕರೆದುಕೊಂಡು ಹೋಗಬಹುದಾ?

ಮಂಡಿ ನೋವಿಲ್ಲದಿದ್ದರೆ ಮೊದಲ ಭಾಗ ನೋಡಬಹುದು. ಬಾಗಿಲ ಹತ್ತಿರದ ದೊಡ್ಡ ಅಂಕಣಗಳು ವಿಶಾಲವಾಗಿವೆ. ಪಾತಾಳಗಂಗೆ ಕಡೆ ದಾರಿ ಕಿರಿದು, ಕೆಲವು ಕಡೆ ಬಗ್ಗಿ ನಡೆಯಬೇಕು, ನೆಲ ಜಾರುತ್ತದೆ. ಆಸ್ತಮಾ, ಹೃದಯದ ತೊಂದರೆ ಇರುವವರು, ಇಕ್ಕಟ್ಟಾದ ಜಾಗದಲ್ಲಿ ಉಸಿರು ಕಟ್ಟಿದಂತಾಗುವವರು ಅಲ್ಲಿಗೆ ಹೋಗದಿರುವುದೇ ಒಳ್ಳೆಯದು. ನಮ್ಮ ಅತ್ತಿಗೆ ಅರ್ಧಕ್ಕೇ ವಾಪಸ್ ಬಂದು ಮರದ ಕೆಳಗೆ ಕೂತು ಕಡಲೆಕಾಯಿ ತಿಂದರು. ಪ್ರವಾಸದಲ್ಲಿ ಅತಿ ಖುಷಿಯಾಗಿದ್ದವರು ಅವರೇ.

ಐದಾರು ವರ್ಷ ದಾಟಿದ ಮಕ್ಕಳಿಗೆ ತೊಂದರೆ ಇಲ್ಲ. ಎತ್ತಿಕೊಳ್ಳುವ ಮಗುವನ್ನು ಬಿಟ್ಟು ಹೋಗಿ. ಎಲ್ಲರಿಗೂ ಶೂ ಇರಲಿ, ಕೈಯಲ್ಲೊಂದು ಚಿಕ್ಕ ಟಾರ್ಚ್ ಇರಲಿ. ದೀಪ ಹಾಕಿದ್ದಾರೆ, ಆದರೂ. ಒಳಗೆ ಮೊಬೈಲ್ ಸಿಗ್ನಲ್ ಸಿಗಲ್ಲ, ಯಾರು ಎಲ್ಲಿ ಕಾಯಬೇಕು ಅಂತ ಮೊದಲೇ ಮಾತಾಡಿಕೊಳ್ಳಿ.

ಕಲ್ಲು ಮುಟ್ಟಬಹುದಾ?

ಬೇಡ. ಕೈಯ ಎಣ್ಣೆ ಅಂಟಿದ ಕಡೆ ಸುಣ್ಣ ಕೂರಲ್ಲ, ಅಲ್ಲಿ ಬೆಳವಣಿಗೆ ನಿಲ್ಲುತ್ತದೆ, ಬಣ್ಣ ಕಪ್ಪಾಗುತ್ತದೆ. ಒಂದು ಗೇಣು ಕಲ್ಲಿಗೆ ಸಾವಿರಾರು ವರ್ಷ ಹಿಡಿದಿರುತ್ತದೆ. ಫೋಟೊ ತೆಗೆದುಕೊಳ್ಳಿ, ತೊಂದರೆ ಇಲ್ಲ. ಆದರೆ ಬಣ್ಣದ ದೀಪಗಳಿಂದ ಎಲ್ಲ ಕೆಂಪು, ಹಸಿರು ಬರುತ್ತದೆ.

ಊಟಕ್ಕೆ ಏನು ಮಾಡೋದು?

ಗುಹೆ ಪಕ್ಕದಲ್ಲೇ ನಿಗಮದ ಹರಿತ ಹೋಟೆಲ್ ಇದೆ. ಬೆಳಗಿನ ತಿಂಡಿಗೆ ಚಿಕ್ಕಬಳ್ಳಾಪುರದಲ್ಲಿ ನಿಲ್ಲಿಸಿ, ಅಲ್ಲಿಂದ ಮುಂದೆ ತಿಂಡಿಯ ರುಚಿ ಬದಲಾಗುತ್ತದೆ, ಖಾರ ಏರುತ್ತದೆ. ಮಂಡ್ಯದವರು ಅನಂತಪುರ ಕಡೆ ರಾಗಿ ಸಂಗಟಿ ಕೇಳಿ. ಅದು ನಮ್ಮ ಮುದ್ದೆಯ ದಾಯಾದಿ, ಅನ್ನ ಸೇರಿಸಿ ತಿರುವುತ್ತಾರೆ. ನಾಟಿ ಕೋಳಿ ಸಾರಿನ ಜೊತೆ ಚೆನ್ನಾಗಿರುತ್ತದೆ. ನಮ್ಮ ಮುದ್ದೆಯಷ್ಟು ಅಂತ ನಾನು ಒಪ್ಪಲ್ಲ. ತಿಂದ ಮೇಲೆ ಕಾರು ಓಡಿಸುವವರು ಅರ್ಧ ಗಂಟೆ ಬಿಟ್ಟು ಸ್ಟೇರಿಂಗ್ ಹಿಡಿಯಲಿ.

ಯಾವ ತಿಂಗಳು ಒಳ್ಳೆಯದು?

ನವೆಂಬರಿನಿಂದ ಫೆಬ್ರವರಿ. ಏಪ್ರಿಲ್, ಮೇನಲ್ಲಿ ರಾಯಲಸೀಮೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಡಿಸೆಂಬರ್, ಜನವರಿಯಲ್ಲಿ ದೇವನಹಳ್ಳಿ, ಚಿಕ್ಕಬಳ್ಳಾಪುರ ನಡುವೆ ಬೆಳಿಗ್ಗೆ ಮಂಜು ಕವಿದಿರುತ್ತದೆ. ಅದು ಕರಗುವವರೆಗೆ ನಿಧಾನಕ್ಕೆ ಹೋಗಿ.

ದಾರಿಯಲ್ಲಿ ಇನ್ನೇನು ನೋಡಬಹುದು?

ಒಂದೇ ದಿನ ಅಂದ್ರೆ ಒಂದೇ ಜಾಗ ಸೇರಿಸಿ. ಕೊಡಿಕೊಂಡದಿಂದ ಸುಮಾರು 16 ಕಿ.ಮೀ. ಒಳಗೆ ಲೇಪಾಕ್ಷಿ ಇದೆ, ವಿಜಯನಗರದ ಅಚ್ಯುತರಾಯನ ಕಾಲದ ದೇವಸ್ಥಾನ. ಏಕಶಿಲೆಯ ನಂದಿ ಸುಮಾರು 27 ಅಡಿ ಉದ್ದ. ಚಾಮುಂಡಿ ಬೆಟ್ಟದ ನಂದಿಯನ್ನು ನೋಡಿ ಬೆಳೆದವರಿಗೆ ಎರಡನ್ನೂ ಹೋಲಿಸದೆ ಇರಲು ಆಗಲ್ಲ. ಲೇಪಾಕ್ಷಿಯ ನಂದಿ ಗ್ರಾನೈಟ್, ಬೇಲಂ ಸುಣ್ಣದ ಕಲ್ಲು. ಇನ್ನೂರು ಕಿ.ಮೀ. ಒಳಗೇ ಕಲ್ಲು ಹೇಗೆ ಬದಲಾಗುತ್ತದೆ ಅನ್ನುವುದು ಅಲ್ಲಿಂದ ತಿಳಿಯುತ್ತದೆ. ತಾಡಿಪತ್ರಿಯಲ್ಲಿ ಬುಗ್ಗ ರಾಮಲಿಂಗೇಶ್ವರ, ಚಿಂತಲ ವೆಂಕಟರಮಣ ದೇವಸ್ಥಾನಗಳಿವೆ, ಊರೊಳಗೇ. ಪೆನ್ನಾ ನದಿಯ ಕಂದರದ ಗಂಡಿಕೋಟ ಚಂದ, ಆದರೆ ಅದನ್ನು ಇದೇ ದಿನಕ್ಕೆ ತುರುಕಬೇಡಿ.

ವಯನಾಡಿನ ಎಡಕಲ್ಲು ಗುಹೆ ಮೈಸೂರಿಗೆ ಹತ್ತಿರ ಅಲ್ವಾ? ಅದೂ ಸುಣ್ಣದ ಕಲ್ಲೇ?

ಹತ್ತಿರ ಹೌದು, 130 ಕಿ.ಮೀ. ಆಸುಪಾಸು. ಸುಣ್ಣದ ಕಲ್ಲಲ್ಲ. ನಿಜ ಹೇಳಬೇಕಂದ್ರೆ ಗುಹೆಯೂ ಅಲ್ಲ. ಬಂಡೆ ಸೀಳಿದ ಬಿರುಕಿನ ಮೇಲೆ ಇನ್ನೊಂದು ಬಂಡೆ ಬಿದ್ದು ಸಿಕ್ಕಿಕೊಂಡಿದೆ. ಎಡೆಯಲ್ಲಿ ಸಿಕ್ಕಿದ ಕಲ್ಲು, ಅದಕ್ಕೇ ಎಡಕಲ್ಲು. ಗೋಡೆ ಮೇಲಿನ ನವಶಿಲಾಯುಗದ ಕೆತ್ತನೆಗಳಿಗಾಗಿ ಹೋಗಿ. ಮೈಸೂರಿನಿಂದ ನಿಜವಾಗಿಯೂ ಒಂದು ದಿನದಲ್ಲಿ ಆಗುವುದು ಅದು. ಸೋಮವಾರ ರಜೆ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಬಂಡೀಪುರ ಕಾಡಿನೊಳಗೆ ಹೋಗುವ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಸಂಜೆ ಟೀ ಕುಡಿಯುತ್ತಾ ಕೂತರೆ ಗೇಟಿನಲ್ಲೇ ಬೆಳಗಾಗುತ್ತದೆ.

ಬೊರ್ರಾ ಗುಹೆ?

ವಿಶಾಖಪಟ್ಟಣದ ಆಚೆ, ಅರಕು ಹತ್ತಿರ. ಕಾರಿನ ಮಾತೇ ಬೇಡ, ರೈಲು ಹತ್ತಿ.

ಮಕ್ಕಳಿಗೆ ಹೋಗುವ ಮುಂಚೆ ಏನಾದರೂ ತೋರಿಸಬಹುದಾ?

ಕಟ್ಟಡ ಸಾಮಾನಿನ ಅಂಗಡಿಯಿಂದ ಕಡಪ ಕಲ್ಲಿನ ಒಂದು ಚೂರು ತನ್ನಿ. ಹೊಲದಿಂದ ಒಂದು ಗ್ರಾನೈಟ್ ಚೂರು ತನ್ನಿ. ಎರಡರ ಮೇಲೂ ನಿಂಬೆ ರಸ, ಇಲ್ಲವೇ ವಿನೆಗರ್ ಬಿಡಿ. ಕಡಪ ಕಲ್ಲನ್ನು ಸ್ವಲ್ಪ ಕೆರೆದು ಪುಡಿ ಮಾಡಿದರೆ ಸಣ್ಣ ಸಣ್ಣ ಗುಳ್ಳೆ ಏಳುವುದು ಚೆನ್ನಾಗಿ ಕಾಣುತ್ತದೆ. ಗ್ರಾನೈಟ್ ಸುಮ್ನೆ ಒದ್ದೆಯಾಗುತ್ತದೆ. ಹಾಗೇ ಕೆ.ಆರ್.ಎಸ್. ಕಟ್ಟೆಯ ಬಗ್ಗೆಯೂ ಹೇಳಿ. ಅದರ ಕಲ್ಲುಗಳನ್ನು ಹಿಡಿದಿರುವುದು ಸಿಮೆಂಟ್ ಅಲ್ಲ, ಸುಣ್ಣಕ್ಕೆ ಇಟ್ಟಿಗೆ ಪುಡಿ ಸೇರಿಸಿದ ಸುರ್ಕಿ ಗಾರೆ.

ಒಂದು ಎಚ್ಚರಿಕೆ. ಈ ಪ್ರಯೋಗವನ್ನು ಅಡುಗೆಮನೆ ಕಟ್ಟೆಯ ಮೇಲೆ ಮಾಡಬೇಡಿ. ನಿಂಬೆ ರಸ ಬಿದ್ದ ಕಡೆ ಪಾಲಿಶ್ ಹೋಗಿ ಮಬ್ಬು ಕಲೆ ಉಳಿಯುತ್ತದೆ. ನಮ್ಮ ಮನೆಯಲ್ಲಿ ಅದು ಒಲೆ ಪಕ್ಕದಲ್ಲೇ ಇದೆ, ಬಂದವರಿಗೆಲ್ಲ ನನ್ನ ಹೆಂಡತಿ ತೋರಿಸುತ್ತಾಳೆ.